ನಿನ್ನ ಹೆಸರಿನಲ್ಲಿ ಆಡಿದ ಮಾತು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಅಪ್ಪ ಹೋದರು. ಮಣ್ಣು ಮಾಡಿ ಬಂದು, ಅವರ ಮಂಚದ ಚಾದರ ತೆಗೆಯಲೂ ಕೈ ಏಳದೆ ಕೂತು ಬರೆಯುತ್ತಿದ್ದೇನೆ. ಅಳು ಬರುತ್ತಿಲ್ಲ. ಸುಸ್ತಾಗಿದೆ, ಅಷ್ಟೇ.

ದೇವರ ಹೆಸರೆತ್ತಿದರೆ ಉರಿದು ಬೀಳುತ್ತಿದ್ದ ಮನುಷ್ಯ, ಹೋದ ವಾರ ತಾವಾಗಿಯೇ ಪಾದ್ರಿಯನ್ನು ಕರೆಸು ಎಂದರು. ಪಾದ್ರಿ ಬಂದು, ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದ ಕಳ್ಳನ ಕಥೆ ಹೇಳಿದರು. ಸಾಯುವ ಗಳಿಗೆಯಲ್ಲಿ ಬೇಡಿಕೊಂಡವನಿಗೂ ಬಾಗಿಲು ತೆರೆಯಿತು ಎಂದರು. ಅಪ್ಪ, "ಕಳ್ಳನಿಗೇ ತೆಗೆದ ಮೇಲೆ ಬೀಗ ರಿಪೇರಿಯವನಿಗೆ ತೆಗೆಯಲ್ವಾ?" ಎಂದರು. ಪಾದ್ರಿ ನಕ್ಕರು. ಅಪ್ಪ ನಗಲಿಲ್ಲ, ಕೈ ಮುಗಿದು ಅತ್ತರು.

ನನಗೆ ಸಿಟ್ಟು ಬಂತಮ್ಮಾ. ಮನೆಯಿಂದ ಹೊರಗೆ ಹಾಕಿಸಿಕೊಂಡ ಮೇಲೂ ಅವರಿಗಾಗಿ ಪ್ರಾರ್ಥಿಸಿದವಳು ನೀನು. ಇವರದು ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಭಕ್ತಿ. ಅದೂ ನಡೆಯುತ್ತದಂತೆ!

ಶುಕ್ರವಾರ ಬೆಳಿಗ್ಗೆ ಮುಖ ಒರೆಸುತ್ತಿದ್ದಾಗ ನನ್ನ ಕೈ ಹಿಡಿದು "ಗುಬ್ಬೀ" ಎಂದರು. ಅದು ಅವರು ನಿನ್ನನ್ನು ಕರೆಯುತ್ತಿದ್ದ ಹೆಸರೆಂದು ಮುಂದಿನ ಮಾತಿನಲ್ಲಿ ತಿಳಿಯಿತು. "ನೀನು ಕೆಲಸಕ್ಕೆ ಹೋದಾಗ ಬೀಗ ಬದಲಾಯಿಸಿದೆ. ನಿನ್ನ ಕೀ ತಿರುಗದೆ ಒದ್ದಾಡ್ತಿದ್ದ ಸದ್ದನ್ನ ಒಳಗೆ ಕೂತು ಕೇಳಿಸಿಕೊಂಡೆ. ಕ್ಷಮಿಸ್ತೀಯಾ?"

"ಕ್ಷಮಿಸಿದೀನಿ" ಎಂದುಬಿಟ್ಟೆ, ನೀನಾಗಿ. ಕರುಣೆಯಿಂದಲೋ, ಬೇಗ ಮುಗಿಯಲಿ ಎಂಬ ಸುಸ್ತಿನಿಂದಲೋ, ಆಣೆ ಮಾಡಿ ಹೇಳಲಾರೆ. ಅವರ ಮುಖ ಹಗುರಾಯಿತು. ಸಂಜೆಯವರೆಗೂ ಯೇಸುವನ್ನು ಕರೆಯುತ್ತಿದ್ದು, ಹಾಗೇ ಹೋದರು.

ದೇವರು ಕ್ಷಮಿಸಿದ್ದಾನೆ. ಆ ಮುಖ ನೋಡಿದ ಮೇಲೆ ನಂಬದಿರಲು ನನ್ನಿಂದ ಆಗುತ್ತಿಲ್ಲ. ಆದರೆ ನಿನ್ನ ಕ್ಷಮೆಯನ್ನು ನಿನ್ನನ್ನು ಕೇಳದೆ ಎತ್ತಿ ಕೊಟ್ಟುಬಿಟ್ಟೆ. ಆ ಮಾತನ್ನು ನಿಜ ಮಾಡಲು ನಿನಗೊಬ್ಬಳಿಗೇ ಸಾಧ್ಯ. ಆಗದಿದ್ದರೆ ಅದನ್ನೂ ಬರೆ, ನನಗೆ ಬೇಜಾರಿಲ್ಲ. ಅವತ್ತು ನೀನಿಲ್ಲದೆ ಆ ಬಾಗಿಲೊಳಗೆ ಉಳಿದುಹೋದ ನನ್ನನ್ನಂತೂ ಅವರು ಏನೂ ಕೇಳಲಿಲ್ಲ. ಮೈ ತೊಳೆಸುತ್ತಾ ದಿನವೂ ಹತ್ತಿರವೇ ಇದ್ದೆನಲ್ಲ, ಕಾಣಿಸಲಿಲ್ಲವೇನೋ.

ದಣಿದಿರುವ
ನಿನ್ನ ಮಗಳು

ತಾ.ಕ.: ಅಪ್ಪನ ಸಾಮಾನಿನ ಪೆಟ್ಟಿಗೆಯಲ್ಲಿ ನಮ್ಮ ಬಾಗಿಲಿನ ಹಳೆಯ ಬೀಗ ಸಿಕ್ಕಿತು. ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಪಶ್ಚಾತ್ತಾಪವೋ, ಏನನ್ನೂ ಎಸೆಯದ ಅವರ ಬುದ್ಧಿಯೋ, ಗೊತ್ತಿಲ್ಲ. ಈಗ ಅದನ್ನೇ ಬಾಗಿಲಿಗೆ ಹಾಕಿದ್ದೇನೆ. ನಿನ್ನ ಕೀ ಇನ್ನೂ ಇದ್ದರೆ, ಬಂದಾಗ ಬಾಗಿಲು ತಟ್ಟಬೇಡ.