ಬಾಯಾರ ಪ್ರಾರ್ಥನೆ

೧೨ ನವೆಂಬರ್ ೧೯೫೬, ಸೋಮವಾರ. ಲಕ್ಷ್ಮೇಶ್ವರ.

ನಾಳೆಯಿಂದ ನಮ್ಮ ಶಾಲೆಯಲ್ಲಿ ಲೆಕ್ಕದ ಶಿಕ್ಷಕಿ ಶಿರೀನಬಾಯಿಯವರು ಪ್ರಾರ್ಥನೆ ಹೇಳಿಕೊಡುವುದಿಲ್ಲ. ಹೆಡ್‌ಮಾಸ್ತರನಾದ ನಾನೇ ನಿಲ್ಲಿಸಿದೆ. ಬೇಸರವಾಗಬೇಕಿತ್ತು, ಆಗಲಿಲ್ಲ.

ಮಧ್ಯಾಹ್ನ ಶಿಗ್ಲಿಯ ತಿರಕಪ್ಪ ಬಂದಿದ್ದ. ಅವನ ಮಗಳು ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಾಗ ಮಂತ್ರ ಬಿಟ್ಟು ಶಾಲೆಯ ಪ್ರಾರ್ಥನೆ ಹೇಳಿದಳಂತೆ.

"ಇದು ಯಾವ ಧರ್ಮದ್ದರಿ, ಮಾಸ್ತರ?"

"ಬಹಾಯಿ," ಎಂದೆ.

"ಬಾಯಾರದು ಅಂತ ಗೊತ್ತೈತ್ರಿ. ಧರ್ಮ ಯಾವುದು ಅಂತ ಕೇಳಿದೆ."

ಶಿರೀನಬಾಯಿಯವರದು ಇರಾನಿನಲ್ಲಿ ಹುಟ್ಟಿದ ಬಹಾಯಿ ಧರ್ಮ; ಊರಿಗೆಲ್ಲ ಮಾತ್ರ ಅವರು ಬರಿ ಬಾಯಾರು. ಅವನ ಕಿವಿಗೆ ಬಹಾಯಿ ಎಂದದ್ದೂ ಬಾಯಿ ಎಂದೇ ಬಿದ್ದಿತ್ತು. ತಿದ್ದುವ ಮನಸ್ಸೂ ಬರಲಿಲ್ಲ ನನಗೆ.

ಅವನೇನೂ ಸಿಟ್ಟಾಗಲಿಲ್ಲ. "ಮಾತು ಛಲೋನ ಅದಾವ್ರಿ. ಆದರ ನಮ್ಮನ್ನ ಒಂದ್ ಮಾತು ಕೇಳದ ನಮ್ಮ ಕೂಸಿನ ಅಂಗೈಯಾಗ ಮತ್ತೊಂದು ತಂದಿಟ್ರಿ," ಎಂದ. ನಾಳೆಯಿಂದ ನಿಲ್ಲಿಸುತ್ತೇನೆ ಎಂದು ಹೇಳಿ ಕಳಿಸಿದೆ.

ಶಿರೀನಬಾಯಿಯವರನ್ನು ಕರೆದು ಹೇಳಿದೆ. "ಎಲ್ಲರ ದೇವರೂ ಒಬ್ಬನೇ ಅಂತ, ಅಷ್ಟೇ ಕಲಿಸಿದ್ದು," ಎಂದರು. ಮೇಜಿನ ಮೇಲಿದ್ದ ಸೀಮೆಸುಣ್ಣ ತೆಗೆದುಕೊಂಡು ಲೆಕ್ಕದ ತರಗತಿಗೆ ಹೋದರು. ಅವರ ಮುಖ ಹೇಗಿತ್ತೋ, ನಾನು ನೋಡಲಿಲ್ಲ.

ಸಂಜೆ ನಮ್ಮ ವತ್ಸಲಾ ಊಟಕ್ಕೆ ಕೈಮುಗಿದು ಕೂತಳು. ಅವಳೂ ಅದೇ ಶಾಲೆಯವಳು, ಸುದ್ದಿ ಗೊತ್ತಾಗಿದೆ.

"ಅಪ್ಪಾ, ಈಗ ಯಾವುದು ಹೇಳ್ಲಿ?"

"ಮನ್ಯಾಗಿಂದು ಹೇಳು," ಎಂದೆ.

"ಮನ್ಯಾಗ ಯಾವುದೂ ಕಲಿಸಿಲ್ಲಲ್ಲ," ಎಂದಳು.

ರೊಟ್ಟಿ ಮುರಿದು ಅವಳ ತಾಟಿಗೆ ಹಾಕಿದೆ. ಮುಗಿದ ಕೈ ಬಿಡಿಸಿ ಉಂಡಳು.