ಹುಟ್ಟಿದ ಊರಿಲ್ಲದ ಕಲ್ಲು

ಹಳಿಯಾಳ,
೧೩–೧೧–೨೦೦೦, ಸೋಮವಾರ

ನನ್ನ ಶರಣೂ,

ನಿನಗೆ ಅವ್ವನ ಆಶೀರ್ವಾದ. ಆರಾಮವಿದ್ದೀಯಾ? ಹೊಟ್ಟೆತುಂಬ ಉಣ್ಣುತ್ತೀಯಾ? ಆ ದೇಶದಲ್ಲಿ ಚಳಿಜ್ವರ ಬಹಳ ಎಂದು ನೀನು ಹಿಂದೊಮ್ಮೆ ಬರೆದಿದ್ದೆ, ಸೊಳ್ಳೆಪರದೆ ಕಟ್ಟಿಕೊಂಡೇ ಮಲಗು. ನಾನು ನೆಟ್ಟಗಿದ್ದೇನೆ, ಮೊಣಕಾಲೊಂದು ತಕರಾರು ಮಾಡುತ್ತದೆ, ಅದು ಹಳೆಯ ಮಾತು. ನಿನ್ನ ತಂಗಿ ರಾಜಶ್ರೀ ಲಗ್ನ ಗೊತ್ತಾದಾಗಿನಿಂದ ನನ್ನ ಮೇಲೇ ದರ್ಬಾರು ನಡೆಸಿದ್ದಾಳೆ. ಮಾಘದಲ್ಲಿ ಲಗ್ನದ ಅಕ್ಕಿಕಾಳು. ನನ್ನ ಬರಹ ಸೊಟ್ಟಗಿದ್ದರೆ ನಗಬೇಡ. ನೀನು ಸಾಲಿಯಿಂದ ತಂದ ಪಾಟಿಯ ಮೇಲೆ, ನಿನ್ನ ಅಕ್ಷರಗಳನ್ನೇ ತಿದ್ದಿ ತಿದ್ದಿ ಓದುಬರಹ ಕಲಿತವಳು ನಾನು. ಈಗಲೂ ಕಿರಾಣಿ ಸಾಮಾನು ಕಟ್ಟಿಕೊಟ್ಟ ಕಾಗದವನ್ನು ಪೂರಾ ಓದದೆ ಒಲೆಗೆ ಹಾಕುವುದಿಲ್ಲ.

ದೀಪಾವಳಿಗೆ ಎರಡು ದಿನ ಮುಂಚೆ ನಮ್ಮ ಕಡೆಯ ರಾಮನಗರದ ಪರಶುರಾಮ ಬಂದಿದ್ದ, ಆ ದೇಶದಲ್ಲಿ ನಿನ್ನ ಜೊತೆ ಲಾರಿ ರಿಪೇರಿ ಮಾಡುತ್ತಿದ್ದವನು. ನೀನು ಕಳಿಸಿದ್ದೆಂದು ಒಂದು ಪುಡಿಕೆ ಕೊಟ್ಟ. ಒಳಗೆ ಒಂದು ಚೀಟಿ, ಅರಿವೆಯಲ್ಲಿ ಸುತ್ತಿದ ಕಡಲೆಕಾಳಿನಷ್ಟು ಕಲ್ಲು. ರಾಜಿಯ ಮೂಗುಬಟ್ಟಿಗೆ ವಜ್ರ ಎಂದಿತ್ತು ಚೀಟಿಯಲ್ಲಿ. ನನಗೆ ಪಟಕದ ತುಂಡಿನ ಹಾಗೆ ಕಂಡಿತು. "ಹೆಂಗದಾನಪಾ ನನ್ನ ಮಗ?" ಎಂದು ಕೇಳಿದೆ. "ಅರಾಮ ಅದಾನ್ರಿ, ಅವ್ವಾರ" ಎಂದ, ನನ್ನ ಮುಖ ನೋಡದೆ ಹೊಸ್ತಿಲು ನೋಡುತ್ತ. ಚಹಾ ಕುದಿಯುವುದರೊಳಗೆ ಎದ್ದುಹೋದ.

ವಜ್ರ ಮನೆಗೆ ಆಗಿಬರಬೇಕಲ್ಲ? ಒಂಬತ್ತು ದಿನ ಮೈಹತ್ತಿರ ಇಟ್ಟುಕೊಂಡು ನೋಡು, ಕೆಡುಕಾಗದಿದ್ದರೆ ಕಟ್ಟಿಸು ಎಂದು ನಮ್ಮತ್ತೆ ಹೇಳುತ್ತಿದ್ದರು. ಕಳ್ಳಕಾಕರ ಭಯಕ್ಕೆ ನಾನು ಅದನ್ನು ಕೊರಳಿನ ಕರಡಿಗೆಯಲ್ಲಿ, ಲಿಂಗದ ಮಗ್ಗುಲಲ್ಲೇ ಇಟ್ಟೆ. ಅದು ನಾನು ಮಾಡಿದ ತಪ್ಪು. ದಿನಾ ಬೆಳಿಗ್ಗೆ ಪೂಜೆಗೆ ಕರಡಿಗೆ ಬಿಚ್ಚಿದರೆ ಎಡ ಅಂಗೈ ಮೇಲೆ ಲಿಂಗದ ಜೊತೆ ಕಲ್ಲೂ ಬರುತ್ತಿತ್ತು. ನನ್ನ ಮಗನೇ ಅಂಗೈಯಲ್ಲಿ ಕೂತಿದ್ದಾನೆ ಎಂದು ಹಿಗ್ಗುತ್ತಿದ್ದೆ.

ಏಳನೆಯ ದಿನ ಪೇಟೆಯ ಅಕ್ಕಸಾಲಿ ಮಾಲತೇಶ ಪತ್ತಾರನಲ್ಲಿಗೆ ಹೋದೆ. ಕಲ್ಲು ತೋರಿಸಲಿಲ್ಲ, ಖರೇ ವಜ್ರ ಹೆಂಗ ಗುರುತಿಸೋದು ಎಂದಷ್ಟೇ ಕೇಳಿದೆ. ಅವನು ಯಾರದೋ ಮೂಗುಬಟ್ಟಿನ ಹರಳನ್ನು ಅಚ್ಚಿನ ಕಾಗದದ ಮೇಲಿಟ್ಟು, "ನೋಡ್ರಿ ಅಕ್ಕಾರ, ಗಾಜು ಆದ್ರ ಕೆಳಗಿನ ಅಕ್ಷರ ಕಾಣತಾವ. ವಜ್ರ ಆದ್ರ ಅಕ್ಷರ ಒಡದು ಹೋಗತಾವ" ಎಂದ. ಮನೆಗೆ ಬಂದವಳೇ ಬೆಲ್ಲ ಕಟ್ಟಿಕೊಟ್ಟಿದ್ದ ಹಳೆಯ ಪೇಪರು ಹಾಸಿ ನಮ್ಮ ಕಲ್ಲು ಇಟ್ಟೆ. ಅಕ್ಷರ ಕಾಣಲಿಲ್ಲ. ಖುಷಿಯಾಯಿತು. ಸಾಣೆ ಹಿಡಿಯದ ಕಲ್ಲಿಗೆ ಆ ಪರೀಕ್ಷೆ ನಡೆಯುವುದಿಲ್ಲವೆಂದು ಮಾಲತೇಶ ಆಮೇಲೆ ನಕ್ಕ. ಆದರೆ ಕಲ್ಲಿನ ಸುತ್ತಲಿನ ಅಕ್ಷರ ಕಾಣುತ್ತಿದ್ದವಲ್ಲ, ಅವನ್ನು ಓದಿದೆ.

ನೀನಿರುವ ಊರಿನ ಹೆಸರಿತ್ತು, ಆಫ್ರಿಕಾದ ಫ್ರೀಟೌನ್. ವಜ್ರ ಸಿಗುವ ಹೊಲಗಳಿಗಾಗಿ ಬಂದೂಕಿನವರು ಊರು ಊರು ಸುಡುತ್ತಾರಂತೆ, ಎದುರು ನಿಂತವರ ಕೈ ಕಡಿಯುತ್ತಾರಂತೆ. ಒಂದು ಫೋಟೋ ಇತ್ತು. ನನ್ನ ವಾರಿಗೆಯ ಹೆಂಗಸು. ಎರಡೂ ತೋಳು ಮಣಿಕಟ್ಟಿಗೇ ಮುಗಿದಿದ್ದವು. ಯಾರೋ ಅವಳಿಗೆ ತುತ್ತು ಮಾಡಿ ಉಣಿಸುತ್ತಿದ್ದರು. ಮರುದಿನ ಪೂಜೆಗೆ ಕೂತು ಎಡಗೈ ಚಾಚಿದೆ, ಶರಣೂ. ಲಿಂಗ ಇಡಲಾಗಲಿಲ್ಲ. ಆ ಹೆಂಗಸು ತನ್ನ ದೇವರನ್ನು ಎಲ್ಲಿ ಇಟ್ಟುಕೊಂಡಾಳು?

ಕಲ್ಲು ಒಯ್ದು ಮಾಲತೇಶನ ಮುಂದೆ ಹಾಕಿದೆ. ಅವನು ಮಸೂರ ಹಿಡಿದು ಹೊರಳಿಸಿ ಹೊರಳಿಸಿ ನೋಡಿದ. "ಕಲ್ಲು ಭಾಳ ಛಲೋ ಐತ್ರಿ. ಒಳಗ ಒಂದು ಕರೇ ಚುಕ್ಕಿ ಇಲ್ಲ. ಆದ್ರ ಇದಕ್ಕ ಹುಟ್ಟಿದ ಊರಿಲ್ಲ. ಎಲ್ಲಿ ಅಗದರು, ಯಾರ ಕೈಯಿಂದ ಬಂತು ಅನ್ನೂ ಕಾಗದ ಇಲ್ಲ. ನಾ ಅಂತೂ ಮುಟ್ಟೂದಿಲ್ರಿ" ಎಂದು ಕೈ ಒರೆಸಿಕೊಂಡ. ಬೆಳಗಾವಿಯಿಂದ ಬೇರೆ ಹರಳು ತರಿಸಿದ್ದಾನೆ, ನಮ್ಮ ದೇಶದ ಗಣಿಯದು, ಕಾಗದವಿದೆ. ಸಾಸಿವೆಯಷ್ಟು. ಅಂಚಿನಲ್ಲಿ ಕಣ್ಣಿಗೆ ಕಾಣದ ಒಂದು ಗೀರೂ ಇದೆಯಂತೆ. ನನ್ನ ಪಾಟ್ಲಿ ಬಳೆ ಕೊಟ್ಟು ಅದನ್ನೇ ಆರಿಸಿದೆ. ಬೀಗರಿಗೆ ದೊಡ್ಡ ಹರಳು ಎಂದು ಬಾಯಿಬಿಟ್ಟಿದ್ದೆ, ನಗಲಿ. ರಾಜಿ ಕನ್ನಡಿ ನೋಡಿಕೊಂಡು "ಅವ್ವಾ, ಇದನ್ನ ನೋಡಾಕ ಬೀಗತಿ ಚಾಳೀಸ ಹಾಕ್ಕೊಬೇಕು ನೋಡ" ಎಂದಳು. ನಕ್ಕಳು, ಆಮೇಲೆ ನಿನ್ನ ಹೆಸರು ಹಿಡಿದು ಅತ್ತಳು.

ನಿನ್ನ ಕಲ್ಲನ್ನು ಆ ಪೇಪರಿನಲ್ಲೇ ಸುತ್ತಿ ಟ್ರಂಕಿನಲ್ಲಿಟ್ಟಿದ್ದೇನೆ. ಎಸೆಯಲು ಮನಸ್ಸಿಲ್ಲ, ಅದು ಯಾರದೋ ಕೈಯ ಬೆಲೆ. ಹೇಗೆ ಸಿಕ್ಕಿತೆಂದು ನಾನು ಬೈಯುವುದಿಲ್ಲ, ನೀನು ಬಂದು ಬಾಯಾರೆ ಹೇಳು. ನೀನು ಕೊಟ್ಟ ನಂಬರಿಗೆ ಬೂತಿನಿಂದ ಮೂರು ಸಲ ಫೋನು ಮಾಡಿಸಿದೆ, ಗಂಟೆಯೇ ಬಾರಿಸಲಿಲ್ಲ. ಮೊನ್ನೆ ರಾಮನಗರಕ್ಕೂ ಹೋಗಿಬಂದೆ. ಪರಶುರಾಮ ಮನೆಯಲ್ಲಿರಲಿಲ್ಲ. ಅವನ ತಾಯಿ ಅನುಸೂಯಾಬಾಯಿ, "ಅವ ಇನ್ನ ಆ ದೇಶಕ್ಕ ಹೋಗೂದಿಲ್ಲಂತ್ರಿ. ನಿದ್ದ್ಯಾಗ ಚೀರತಾನ" ಎಂದಳು. ನಿನ್ನ ಬಗ್ಗೆ ಕೇಳಿದರೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ನಿನ್ನ ಕಂಪನಿಯ ಮುಂಬೈ ಆಫೀಸಿನ ವಿಳಾಸಕ್ಕೆ ಈ ಪತ್ರ ಹಾಕುತ್ತೇನೆ, ಅವರು ಮುಟ್ಟಿಸಲಿ. ಹೇಗಿದ್ದರೆ ಹಾಗೆ ಹೊರಟು ಬಾ. ಬರಿಗೈಯಲ್ಲಿ ಬಂದರೂ ಬಾ. ಉಳವಿಯ ಚನ್ನಬಸವಣ್ಣ ನಿನ್ನನ್ನು ಕಾಯಲಿ.

ದಾರಿ ನೋಡುತ್ತಿರುವ ನಿನ್ನವ್ವ,
ಮಹಾದೇವಕ್ಕ

ತಾ.ಕ.: ಟಪಾಲಿನವನು ಬರುವ ಹೊತ್ತಾಯಿತು. ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಪುಡಿಕೆಯಲ್ಲಿದ್ದ ಚೀಟಿ ನಿನ್ನ ಅಕ್ಷರವಲ್ಲ, ಶರಣೂ. ನಿನ್ನ ಅಕ್ಷರ ತಿದ್ದಿ ಕಲಿತವಳಿಗೆ ಗೊತ್ತಾಗುವುದಿಲ್ಲವೇ? ಈ ಲಕೋಟೆಯಲ್ಲಿ ಎರಡು ಬಿಳಿ ಹಾಳೆ ಇಟ್ಟಿದ್ದೇನೆ. ನೀನು ಏನೂ ಬರೆಯಬೇಡ. ಒಂದರ ಮೇಲೆ ಎಡಗೈ, ಇನ್ನೊಂದರ ಮೇಲೆ ಬಲಗೈ ಊರಿ, ಬೆರಳುಗಳ ಸುತ್ತ ಗೆರೆ ಎಳೆದು ಕಳಿಸು. ಗೆರೆ ಸೊಟ್ಟಗಾದರೂ ಚಿಂತೆಯಿಲ್ಲ, ಬೇರೆಯವರಿಂದ ಎಳೆಸಬೇಡ. ಎಡಗೈಯದನ್ನು ಬಲಗೈಯಿಂದ ಎಳೆ, ಬಲಗೈಯದನ್ನು ಎಡಗೈಯಿಂದ ಎಳೆ.