ಅರ್ಧ ಕೋರ್ಟು

ಕಲ್ಲೇಶ,

ಇಲ್ಲಿ ಎಲ್ಲರೂ ಕ್ಷೇಮ. ತೀರಿಹೋದವನ ಕ್ಷೇಮ ವಿಚಾರಿಸುವುದು ಹೇಗೆಂದು ಕನ್ನಡ ಮಾಸ್ತರನಾದ ನನಗೂ ಗೊತ್ತಿಲ್ಲ.

ನೀ ಕಟ್ಟಿದ ಹುಡುಗೇರ ಬಾಸ್ಕೆಟ್‌ಬಾಲ್ ತಂಡ ನಿನ್ನೆ ಧಾರವಾಡದಲ್ಲಿ ಫೈನಲ್ ಆಡಿತು. ನಿನ್ನ ಜಾಗದಲ್ಲಿ ನಾ ಕುಂತಿದ್ದೆ. ಒಂದೇ ಪಾಯಿಂಟಿನಿಂದ ಸೋತೆವು. ಕಡೇ ಗಳಿಗೆಯಲ್ಲಿ ಚೆಂಡು ಸ್ನೇಹಾಳ ಕೈಯಲ್ಲಿತ್ತು, ಬಲಗಡೆ ಪೂರಾ ಖಾಲಿ ಇತ್ತು. ಆಕಿ ಅತ್ತ ಓಡದೆ ನಿಂತುಬಿಟ್ಟಳು.

"ಆ ಕಡೆ ಕಾಲಿಡಾಕ ಹೆದರಿಕಿ ಆತ್ರಿ ಸರ," ಎಂದು ಅತ್ತಳು.

ಬ್ಯಾಡಗಿಯ ನಮ್ಮ ಕಾಲೇಜಿನ ಕೋರ್ಟಿನಲ್ಲಿ ಬಲಗಡೆ ಚೇರ್ಮನ್ನರ ಮೆಣಸಿನಕಾಯಿ ಒಣಗುತ್ತಿದ್ದವಲ್ಲ, ತುಳಿದರೆ ಆಳುಗಳು ಬೈಯುತ್ತಿದ್ದರು. "ಅರ್ಧ ಕೋರ್ಟು ಆಟಕ್ಕ, ಅರ್ಧ ಕೋರ್ಟು ಊಟಕ್ಕ" ಎಂದು ನಾ ಪ್ರಾಸ ಕಟ್ಟಿದರೆ ನೀ ನಗುತ್ತಿದ್ದಿ. ದೊಡ್ಡವರ ಮುಂದೆ ಹೋಗಿ ಕೇಳುವುದು ಹೇಗೆಂದು ಇಬ್ಬರೂ ಸುಮ್ಮನಿದ್ದೆವು.

ಇವತ್ತು ಮುಂಜಾನೆ ಚೇರ್ಮನ್ ಪ್ರಭುಲಿಂಗಪ್ಪನವರ ಮನೆಗೆ ಹೋಗಿ ಕೇಳಿದೆ. ಅವರು ನನಗೆ ಚಹಾ ತರಿಸಿದರು, ಆಳನ್ನು ಕರೆದು ಮೆಣಸಿನಕಾಯಿ ತೆಗೆಯಲು ಹೇಳಿದರು.

"ಖರೇ ಹೇಳ್ರಿ ಮಾಸ್ತರ, ಕಲ್ಲೇಶಗ ತ್ರಾಸ ಆಗತಿತ್ತೇನು? ದಿನಾ ನಮಸ್ಕಾರ ಮಾಡ್ತಿದ್ದ, ಒಂದ ಮಾತು ಅನ್ನಲಿಲ್ಲಲ್ರಿ."

ಚಹಾ ಆರುವುದರೊಳಗೆ ಕೆಲಸ ಮುಗಿದಿತ್ತು, ಕಲ್ಲೇಶ.